ಹಜ್ಜಾ ನೋಡಿ ಮುಗಿಸಿದ ಇಂಗ್ಲೆಂಡ್

ನಂಜುಂಡೇಶ್ವರನ ಪಾದಕ್ಕೆ ಮೊದಲ ನಮಸ್ಕಾರ. ಕಪಿಲೆಯ ದಡದಲ್ಲಿದ್ದರೂ, ಕುವೈತಿನ ನನ್ನ ಬಾಡಿಗೆ ಕೋಣೆಯ ಗೋಡೆಯ ಮೇಲಿದ್ದರೂ ಎಲ್ಲರನ್ನೂ ಒಂದೇ ಸಮನೆ ನೋಡುವ ಆ ತಂದೆ, ಮುಂದಿನ ಮಾತಿನಲ್ಲಿ ನಾನು ಯಾರನ್ನಾದರೂ ಹೆಚ್ಚಾಗಿ ಹಳಿದರೆ ಕ್ಷಮಿಸಲಿ.

ಇಂಥವು ನನಗೇ ಯಾಕೆ ಗಂಟುಬೀಳುತ್ತವೋ ಕಾಣೆ. 1990ರ ಮಾರ್ಚಿನಲ್ಲಿ ಕುವೈತಿನ ಮಿರ್ಕಾಬ್ ಬಡಾವಣೆಯ ಆಫೀಸಿನಲ್ಲಿ ತೆಪ್ಪಗೆ ಟೈಪು ಮಾಡುತ್ತಿದ್ದವನನ್ನು ಕಫೀಲ್, ಅಂದರೆ ನನ್ನ ವೀಸಾಕ್ಕೆ ಹೊಣೆಯಾದ ಯಜಮಾನರು, ಕರೆದು, "ತಾಯಿಯ ಮಂಡಿ ತೋರಿಸಲು ಲಂಡನ್ನಿಗೆ ಹೊರಟಿದ್ದೇವೆ. ನಿನಗೆ ಇಂಗ್ಲಿಷೂ ಬರುತ್ತದೆ, ಅರಬ್ಬಿಯೂ ಒಂದಿಷ್ಟು ಬರುತ್ತದೆ. ಯಲ್ಲಾ, ಬಾ," ಎಂದರು.

ಅವರ ತಾಯಿ ಹಜ್ ಮುಗಿಸಿದವರು. ನಾವೆಲ್ಲ "ಹಜ್ಜಾ" ಎಂದೇ ಕರೆಯುತ್ತಿದ್ದೆವು. ಡಾಕ್ಟರು ಎರಡೇ ದಿನದಲ್ಲಿ ಔಷಧ ಬರೆದು ಕಳಿಸಿದರು. ರಂಜಾನಿನ ಚಂದ್ರನಿಗೆ ಆರು ದಿನ ಉಳಿದಿತ್ತು. ಹುಟ್ಟಿದಾಗಿನಿಂದ ಹಜ್ಜಾ ಆ ಚಂದ್ರನನ್ನು ಕುವೈತಿನ ಆಕಾಶದಲ್ಲಲ್ಲದೆ ಬೇರೆಲ್ಲೂ ಕಂಡವರಲ್ಲ. "ಮನೆಗೆ ಹೋಗೋಣ," ಎಂದು ಹಟ ಹಿಡಿದರು.

ಮಗ ಕೇಳಲಿಲ್ಲ. ಇಷ್ಟು ದೂರ ಬಂದು ಏನೂ ನೋಡದೆ ಹೋದರೆ ನೆಂಟರು ನಗುತ್ತಾರಂತೆ. ಐದು ಐತಿಹಾಸಿಕ ಜಾಗಗಳ ಪಟ್ಟಿ ಬರೆದು, ಒಂದು ಟ್ಯಾಕ್ಸಿ ಗೊತ್ತುಮಾಡಿ, ತಾವು ಲಂಡನ್ನಿನಲ್ಲೇ ಉಳಿಯುವುದೆಂದು ತೀರ್ಮಾನಿಸಿ, ನನಗೆ ಹೇಳಿದರು: "ಇಷ್ಟೂ ನೋಡಿದ ಮೇಲೇ ವಾಪಸ್ ಟಿಕೆಟ್. ನೋಡಿದರೋ ಇಲ್ಲವೋ ನೀನೇ ಫೋನಿನಲ್ಲಿ ಹೇಳಬೇಕು. ನೀನು ಪೂಜೆ ಮಾಡುವವನು, ಸುಳ್ಳು ಹೇಳುವುದಿಲ್ಲ."

ಭಕ್ತಿ ಹೀಗೆ ತಲೆಗೆ ಬಂದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಆಕಾಶವೇ ಛಾವಣಿ

ಮೊದಲನೆಯದು ಒಂದು ಹಳೆಯ ಮಠ. ನಾಲ್ಕು ಗೋಡೆ, ನಡುವೆ ಹುಲ್ಲು, ಮೇಲೆ ಜಿಟಿಜಿಟಿ ಮಳೆ. ನಾನೂರೈವತ್ತು ವರ್ಷದ ಹಿಂದೆ ರಾಜನೊಬ್ಬ ಸನ್ಯಾಸಿಗಳನ್ನು ಓಡಿಸಿ ಛಾವಣಿ ಕೀಳಿಸಿದನೆಂದು ಗೈಡ್ ಹೆಮ್ಮೆಯಿಂದ ವಿವರಿಸಿದ. ತನ್ನ ಮಾವನೇ ಅದನ್ನು ಕಿತ್ತ ಹಾಗಿತ್ತು ಗೈಡಿನ ಹೆಮ್ಮೆ.

"ಆಮೇಲೆ ಯಾರೂ ರಿಪೇರಿ ಮಾಡಲಿಲ್ಲವಾ?" ಹಜ್ಜಾ ಕೇಳಿದರು.

"ಇಲ್ಲ. ಹೀಗೇ ಕಾಪಾಡಿಕೊಂಡು ಬಂದಿದ್ದೇವೆ," ಎಂದ.

"ಪ್ರಾರ್ಥನೆ?"

"ಅದಿಲ್ಲ ಮೇಡಂ. ಆದರೆ ಐದು ಗಂಟೆಯವರೆಗೆ ತೆರೆದಿರುತ್ತದೆ."

ದೇವರನ್ನು ಹೊರಗಟ್ಟಿ ಬಾಗಿಲಿಗೆ ಗಂಟೆ ಗೊತ್ತುಮಾಡಿದ ಜನವನ್ನು ನಾನು ಅಲ್ಲೇ ಕಂಡದ್ದು. ಹಜ್ಜಾ ಗಿರಕ್ಕನೆ ತಿರುಗಿ, "ಖಲಾಸ್. ನೋಡಿಯಾಯಿತು," ಎಂದರು. ಒಟ್ಟು ನಾಲ್ಕು ನಿಮಿಷ.

ಸಂಜೆ ಫೋನಿನಲ್ಲಿ ಕಫೀಲ್ ಕೇಳಿದರು: "ಒಳಗೆ ಹೋಗಿ ಸರಿಯಾಗಿ ನೋಡಿದರಾ?"

"ಸಾರ್, ಅಲ್ಲಿ ಒಳಗೆ ಯಾವುದು, ಹೊರಗೆ ಯಾವುದು ಅಂತ ನನಗೇ ಗೊತ್ತಾಗಲಿಲ್ಲ," ಎಂದೆ. ಸತ್ಯವನ್ನೇ ಹೇಳಿದ್ದೆ.

ಮುಟ್ಟಬಾರದ ತೀರ್ಥ

ಇನ್ನೊಂದು ಊರಿನಲ್ಲಿ ರೋಮನ್ನರು ಕಟ್ಟಿದ ಸ್ನಾನದ ಕೊಳ. ನೆಲದೊಳಗಿನಿಂದ ತಾನೇ ಬಿಸಿನೀರು ಬರುತ್ತದೆ. ನನಗೆ ರೋಮಾಂಚನವಾಯಿತು. ಬಗ್ಗಿ "ಗಂಗೇ ಚ ಯಮುನೇ" ಎನ್ನುತ್ತ ಎರಡು ಹನಿ ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳುವಷ್ಟರಲ್ಲಿ ಕಾವಲಿನವಳು ಕಿರುಚಿದಳು: "ನೀರು ಮುಟ್ಟಬೇಡಿ! ಕಾಯಿಲೆ ಬರುತ್ತದೆ!"

"ಹಾಗಾದರೆ ಇಲ್ಲಿ ಸ್ನಾನ?"

"ಯಾರೂ ಮಾಡುವಂತಿಲ್ಲ. ಸುಮ್ಮನೆ ನೋಡಬೇಕು."

ಹಜ್ಜಾಗೆ ತರ್ಜುಮೆ ಮಾಡಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಹಿಂದಿನ ದಿನವಷ್ಟೇ ಹೋಟೆಲಿನ ಬಚ್ಚಲಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ್ದನ್ನು ಕಂಡು, ನಮಾಜಿಗೆ ಮೊದಲಿನ ವುಜೂ ಮಾಡಲು ಕಾಲೆಲ್ಲಿ ತೊಳೆಯುವುದೆಂದು ಅವರು ಪರದಾಡಿದ್ದರು. ನಾನು ಕುವೈತಿನಿಂದ ಒಯ್ದಿದ್ದ ಚೊಂಬೇ ಕೊನೆಗೆ ಇಬ್ಬರ ಧರ್ಮವನ್ನೂ ಕಾಪಾಡಿತ್ತು.

"ಕಲ್ಲು ಹಾಸಿದಲ್ಲಿ ನೀರು ಮುಟ್ಟಬಾರದು, ನೀರು ಮುಟ್ಟುವಲ್ಲಿ ಕಾರ್ಪೆಟ್! ಇವರಾ ನಿಮ್ಮನ್ನು ಆಳಿದ್ದು?"

"ಹೌದು ಹಜ್ಜಾ. ನಿಮ್ಮ ಮೇಲೂ ಯಜಮಾನಿಕೆ ಮಾಡಿದರಲ್ಲ."

"ನಾವು ಒಂದು ಹಿಡಿ ಜನ ಮಗನೇ. ನೀವೆಷ್ಟಿದ್ದೀರಿ?"

"ಎಂಬತ್ತು ಕೋಟಿ."

ಹಜ್ಜಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಅರವತ್ತು ಕೋಣೆ

ನಡುವಿನ ಎರಡು ಕೋಟೆಗಳನ್ನು ಹಜ್ಜಾ ಬೆಳಗಿನ ತಿಂಡಿಗೆ ಮೊದಲೇ ಮುಗಿಸಿದ್ದರು. ಕೊನೆಯದು ಒಬ್ಬ ಪ್ರಭುವಿನ ಬಂಗಲೆ. ಅರವತ್ತು ಕೋಣೆ. ಮಾರನೆಯ ಸಂಜೆಯೇ ಚಂದ್ರ. ಮೊದಲ ಕೋಣೆಯಲ್ಲೇ ಅವರ ಮಂಡಿ ಕೈಕೊಟ್ಟಿತು. ಇದ್ದಬದ್ದ ಕುರ್ಚಿಗಳಿಗೆಲ್ಲ ಹಗ್ಗ ಕಟ್ಟಿದ್ದರು. ಹಜ್ಜಾ ಹಗ್ಗ ಎತ್ತಿ, ಮುನ್ನೂರು ವರ್ಷದಿಂದ ಹೊರಗಿನವರು ಕೂರದ ಕುರ್ಚಿಯಲ್ಲಿ ಬಿಸ್ಮಿಲ್ಲಾ ಎಂದು ಕೂತೇಬಿಟ್ಟರು.

ಮೊಣಕೈ ಹರಿದ ಸ್ವೆಟರಿನ ಮುದುಕರೊಬ್ಬರು ಓಡಿಬಂದರು. ಬೈಯುತ್ತಾರೆಂದು ಹೆದರಿದೆ. ಅವರು ತಾವೇ ಹೋಗಿ ಚಹಾ ತಂದುಕೊಟ್ಟರು.

"ಒಳ್ಳೆಯ ಕಾವಲುಗಾರ," ಎಂದರು ಹಜ್ಜಾ. "ಕೇಳು, ಇವನ ಕಫೀಲ್ ಸಂಬಳ ಸರಿಯಾಗಿ ಕೊಡುತ್ತಾನಾ?"

ಕೇಳಿದೆ. ಮುದುಕರು ಕೆಂಪಾದರು. "ಮನೆ ನನ್ನದೇ. ಚಳಿಗೆ ಕಾಯಿಸಲು ಆಗುವುದಿಲ್ಲ, ಅದಕ್ಕೇ ಟಿಕೆಟ್ ಇಟ್ಟಿದ್ದೇನೆ. ನಾನಿರುವುದು ಅಡುಗೆಮನೆಯ ಪಕ್ಕದ ಒಂದೇ ಕೋಣೆಯಲ್ಲಿ, ಹೀಟರಿನ ಮುಂದೆ."

ಹಜ್ಜಾ ಹಣೆ ಚಚ್ಚಿಕೊಂಡರು. "ಮನೆಗೆ ಬಂದವರಿಂದ ಕಾಸು ಕೀಳುವ ಅರಸು! ಪಾಪ, ಯಾರೂ ದಿಕ್ಕಿಲ್ಲ. ರಂಜಾನ್ ಪೂರ್ತಿ ನಮ್ಮಲ್ಲಿಗೆ ಬಂದು ಉಣ್ಣಲಿ, ಹೇಳು."

ಹೇಳಿದೆ. ಆಮೇಲೆ ಆ ಮುದುಕರದೇ ಫೋನಿನಿಂದ ಕಫೀಲ್‌ಗೆ ವರದಿ ಒಪ್ಪಿಸಬೇಕಾಯಿತು.

"ಎಲ್ಲ ನೋಡಿದರಾ?"

ಜೇಬಿನಲ್ಲಿ ನಂಜುಂಡೇಶ್ವರನ ಫೋಟೊ. "ಒಂದು ಕೋಣೆ ನೋಡಿದರು ಸಾರ್. ಐವತ್ತೊಂಬತ್ತು ಬಾಕಿ."

"ಹಾಗಾದರೆ ಇನ್ನೂ ನಾಲ್ಕು ದಿನ ಇದ್ದು ನಿಧಾನವಾಗಿ ನೋಡಿ."

ಅದನ್ನು ಹೇಳಿದೊಡನೆ ಹಜ್ಜಾರ ಕಣ್ಣು ತುಂಬಿತು. ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಆಗಲಿ, ಇರುತ್ತೇನೆ. ಆದರೆ ಈ ಮನೆಯ ಮುದುಕನಿಗೂ ಒಂದು ವೀಸಾ ಮಾಡಿಸು. ಬಡವ, ಸ್ವೆಟರ್ ಹರಿದಿದೆ. ನಿನ್ನ ಹಳೆಯ ಬಟ್ಟೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ."

ಆ ಕಡೆಯಿಂದ ಬಂದ ಕೂಗು ನನಗೂ ಕೇಳಿಸಿತು: "ಅಮ್ಮಾ! ಅವರು ದೊಡ್ಡ ಪ್ರಭುಗಳು! ಇನ್ನೊಂದು ಮಾತೂ ಆಡಬೇಡ. ನೋಡಿದ್ದು ಸಾಕು, ಕಾರು ಹತ್ತು. ಇವತ್ತೇ ವಿಮಾನ!"

ಮಾರನೆಯ ಸಂಜೆ ಕುವೈತಿನ ಸಲ್ವಾದಲ್ಲಿ, ತಮ್ಮ ಮನೆಯ ತಾರಸಿಯಿಂದ ಹಜ್ಜಾ ಚಂದ್ರನನ್ನು ನೋಡಿದರು. ಪಕ್ಕದಲ್ಲಿ ನಿಂತು ನಾನೂ ಕೈಮುಗಿದೆ.

ಆದರೆ ಆ ಬಂಗಲೆಯಿಂದ ಹೊರಡುವಾಗ ನಡೆದದ್ದನ್ನು ಕಫೀಲ್‌ಗೆ ಇವತ್ತಿಗೂ ಹೇಳಿಲ್ಲ. ಅವರು ಕೇಳಿಲ್ಲವಾದ್ದರಿಂದ ಸುಳ್ಳೂ ಆಗಲಿಲ್ಲ. ಪ್ರಭುಗಳು ಕಾರಿನ ಕಿಟಕಿಗೆ ಬಗ್ಗಿ ಪಿಸುಗುಟ್ಟಿದರು: "ನಿಮ್ಮಲ್ಲಿ ಸೆಖೆ ಎಷ್ಟಿರುತ್ತದೆ?"

"ಬೇಸಿಗೆಯಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ ಸಾರ್."

"ಒಂದೇ ನಿಮಿಷ ನಿಲ್ಲಿ," ಎಂದವರೇ ಪೆಟ್ಟಿಗೆ ತರಲು ಒಳಗೆ ಓಡಿದರು.

ಕೇಳಿದವರೆಲ್ಲರ ಮನೆ ಬೆಚ್ಚಗಿರಲಿ, ಹೊಟ್ಟೆ ತಣ್ಣಗಿರಲಿ. ನಂಜುಂಡೇಶ್ವರ ಎಲ್ಲರನ್ನೂ ಕಾಯಲಿ.