ಹಿರಿಯರು ಕಾಣದ ಕಾಯಿ

ಹಿತ್ತಲಲ್ಲಿ ಏನು ಬೆಳೆಯಬೇಕೆಂಬುದನ್ನು ಮಣ್ಣು, ನೀರು, ಬಿಸಿಲು ನೋಡಿ ತೀರ್ಮಾನಿಸಬೇಕೆಂದು ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಬರೆದವರಿಗೆ ಅತ್ತೆ ಇರಲಿಲ್ಲವೆಂದು ಕಾಣುತ್ತದೆ. ಮಡಕಶಿರಾದ ನನ್ನ ತವರಿನಲ್ಲಿ ಬೇಲಿಯ ಮೇಲೆ ಏನು ಹಬ್ಬಿದರೂ ಕೊಯ್ದು ಸಾರಿಗೆ ಹಾಕುತ್ತಿದ್ದೆವು. ತರಕಾರಿಗೂ ಕುಲಾಚಾರವಿದೆ ಎಂದು ಗೊತ್ತಾದದ್ದು ರಾಯದುರ್ಗದ ಈ ಮನೆಗೆ ಸೊಸೆಯಾಗಿ ಬಂದ ಮೇಲೆಯೇ. ಹೀರೆಬಳ್ಳಿ ಹಾಕೋಣವೆಂದರೆ ಅತ್ತೆ, "ಬ್ಯಾಡವ್ವಾ, ಹೀರಿಕಾಯಿ ನಮ್ಮನಿಗೆ ಆಗಿಬರಲ್ಲ. ನಮ್ಮ ಮಾವಾರು ಹಾಕಿದ ವರ್ಷಾನೇ ಎತ್ತು ಸತ್ತಿತ್ತು" ಎಂದರು. ಪಡವಲ ಹಾಕಿದಾಗ ಯಾರೋ ಚಿಕ್ಕಪ್ಪ ಜಾರಿ ಬಿದ್ದಿದ್ದರಂತೆ. ನುಗ್ಗೆ ನೆಟ್ಟಾಗ ಒಂದು ನಿಶ್ಚಿತಾರ್ಥ ಮುರಿದಿತ್ತಂತೆ. ಸಂತೆಯಿಂದ ತಂದು ತಿನ್ನಲು ಇವ್ಯಾವುದಕ್ಕೂ ಅಡ್ಡಿಯಿಲ್ಲ, ನೆಟ್ಟರೆ ಮಾತ್ರ ಕೇಡು! ಬದನೆಯಿಂದ ಯಾರಿಗೂ ಏನೂ ಆಗಿರಲಿಲ್ಲವಾಗಿ ನಮ್ಮ ಹಿತ್ತಲಲ್ಲಿ ಬದನೆಯೋ ಬದನೆ. ಗಂಡನನ್ನು ಕೇಳಿದರೆ, "ಅವ್ವ ಏನಂದ್ಲು?" ಎಂದು ಮತ್ತೆ ಫೋನಿನೊಳಗೆ ಹೊಕ್ಕರು.

ಈ ಹಿತ್ತಲಲ್ಲಿ ನನ್ನ ಮಾತಿನಂತೆ ಹುಟ್ಟಿದ ಒಂದು ಗಿಡವಾದರೂ ಇರಬೇಕೆಂದು ನನಗೆ ಹಟ ಬಂತು. ಹಿರಿಯರು ಹೆಸರೇ ಕೇಳದ ತರಕಾರಿಗೆ ಅಡ್ಡಿ ಎಲ್ಲಿಂದ ಬಂದೀತು? ಬ್ರೊಕೊಲಿಯಿಂದ ಯಾವ ಎತ್ತೂ ಸತ್ತಿಲ್ಲವಲ್ಲ! ಬೀಜದಂಗಡಿಯವರು ಮಾತ್ರ, "ಬ್ರೊಕೊಲಿಗೆ ನಮ್ಮ ಚಳಿ ಸಾಲಲ್ರಿ. ಜುಕಿನಿ ಒಯ್ರಿ, ಕುಂಬಳದ ಜಾತಿ, ಬಿಸಿಲು ತಡೀತೈತಿ" ಎಂದರು. ಪ್ಯಾಕೆಟ್ಟಿನ ಚಿತ್ರವನ್ನು ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು, ವಂಶವನ್ನೆಲ್ಲ ನೆನೆಸಿಕೊಂಡರು. ಇದರಿಂದ ಒಬ್ಬರಾದರೂ ಕೆಟ್ಟದ್ದು ನೆನಪಿಗೆ ಬರಲಿಲ್ಲ. "ಹಾಕವ್ವ, ನೋಡಣ" ಎಂದರು. ಗೆದ್ದೆ!

ಗೆದ್ದವರ ಕಷ್ಟ ಆಮೇಲೆ ಗೊತ್ತಾಯಿತು. ಬೆರಳಿನಷ್ಟಿದ್ದ ಕಾಯಿ, ಎರಡು ದಿನ ಮರೆತರೆ ತೋಳಿನಷ್ಟಾಗಿ ಎಲೆಯಡಿ ಮಲಗಿರುತ್ತಿತ್ತು. ಪಲ್ಯ ಮಾಡಿದೆ, ಹುಳಿ ಮಾಡಿದೆ, ಬಜ್ಜಿ ಕರಿದೆ, ದೋಸೆಹಿಟ್ಟಿಗೂ ತುರಿದು ಹಾಕಿದೆ. ಬೀದಿಗೆಲ್ಲ ಹಂಚಿದೆ. ಆಂಧ್ರದ ಈ ಗಡಿಯಲ್ಲಿ ಗಾಬರಿಯಾದರೆ ನಮ್ಮೂರವರು ತೆಲುಗಿಗೆ ದಾಟುತ್ತಾರೆ, ಪಕ್ಕದ ಮನೆಯ ಟೀಚರು ನನ್ನ ಚೀಲ ಕಂಡೊಡನೆ, "ಮಳ್ಳೀ ಅದೇನಾ?" ಎಂದರು, ಮತ್ತೆ ಅದೇನಾ ಎಂದು. ಗಂಡ ತಟ್ಟೆ ನೋಡಿ, "ಬದ್ನಿಕಾಯಿ ಇಲ್ಲೇನು?" ಎಂದು ಮೆಲ್ಲಗೆ ಕೇಳಿದರು. ನಿಜ ಹೇಳಬೇಕೆಂದರೆ ನನಗೂ ಸಾಕುಸಾಕಾಗಿತ್ತು. ಆದರೆ ಹಟ ಮಾಡಿ ಹಾಕಿದ ಗಿಡವನ್ನು ನಾನೇ ಕಿತ್ತರೆ ಮಾನ ಉಳಿದೀತೇ? ಇದಕ್ಕೆ ಅತ್ತೆಯೇ ದಾರಿ ಎನಿಸಿತು.

ಊಟಕ್ಕೆ ಕುಳಿತಿದ್ದ ಅವರ ಪಕ್ಕ ಕುಳಿತು, "ಅತ್ತೇರೇ, ಇದನ್ನ ಹಾಕಿದಾಗಿನಿಂದ ನನ್ನ ಸೊಂಟ ಹಿಡಕಂಡೈತ್ರಿ. ನಿಮ್ಮ ಮಗನ ಬೈಕೂ ಪಂಕ್ಚರ್ ಆತು. ಜುಕಿನಿ ನಮ್ಮನಿಗೆ ಆಗಿಬರಲ್ಲೇನೋ" ಎಂದೆ.

ಹಲ್ಲಿಲ್ಲದ ಬಾಯಲ್ಲಿ ಮೆತ್ತನೆಯ ಹೋಳನ್ನು ಹೊರಳಿಸುತ್ತ ಅತ್ತೆ ನಕ್ಕರು. "ಏನ್ ಹುಚ್ಚಿ ಅದೀಯವ್ವಾ! ಕಾಯಿಂದ ಎಲ್ಲನ ಪಂಕ್ಚರ್ ಆಗ್ತೈತೇನು? ಇಷ್ಟು ವರ್ಷದಾಗ ಈ ಹಿತ್ತಲ ಹಿಂಗ ಕಾಯಿ ಕೊಟ್ಟಿದ್ದಿಲ್ಲ. ನಿನ್ನ ಕೈಗುಣ ಅದು. ಆ ಬದ್ನಿಗಿಡ ಕಿತ್ತು ಅಲ್ಲೂ ಇದನ್ನೇ ಹಾಕು."

ಸೊಸೆಯಾದಾಗಿನಿಂದ ನಾನು ಕಾದಿದ್ದ ಹೊಗಳಿಕೆ ಅದು. ಗುದ್ದಲಿ ಎತ್ತಿಕೊಂಡು ಹೊರಟೆ.