ಅಡಿಗೆರೆ ಎಳೆದ ವಾಕ್ಯದ ಪಾತ್ರವೇನು?

ವಾದ ಮಾಡುವ ಚಟವಿರುವವರಲ್ಲಿ ಒಂದು ದೋಷವಿದೆ. ಅದನ್ನು ನಾನೇ ಒಪ್ಪಿಕೊಂಡುಬಿಟ್ಟರೆ ಬೇರೆಯವರಿಗೆ ಹೇಳುವ ಶ್ರಮ ತಪ್ಪುತ್ತದೆ. ಎದುರಿನವರು ಬಾಯಿ ತೆರೆದ ಕೂಡಲೇ ಅವರ ಮಾತನ್ನು ಹೇಗೆ ಮುರಿಯಬೇಕೆಂದು ನಮಗೆ ಹೊಳೆದುಬಿಡುತ್ತದೆ; ಅವರು ಏನು ಹೇಳಹೊರಟಿದ್ದಾರೆ ಎಂಬುದು ಮಾತ್ರ ಹೊಳೆಯುವುದಿಲ್ಲ. ಕಾಲೇಜಿನಲ್ಲಿದ್ದಾಗ ದೇವರಿದ್ದಾನೆ ಎಂದು ಬೆಳಿಗ್ಗೆ ಒಂದು ವೇದಿಕೆಯಲ್ಲಿ, ಇಲ್ಲ ಎಂದು ಸಂಜೆ ಇನ್ನೊಂದು ವೇದಿಕೆಯಲ್ಲಿ ವಾದಿಸಿ, ಎರಡು ಕಡೆಯೂ ಬಹುಮಾನ ಹೊಡೆದವನು ನಾನು. ಅಂಥವನನ್ನು ಬಾಗಲಗುಂಟೆಯ ಕೆಂಪಮ್ಮ ಒಂದು ಲೋಟ ಮಜ್ಜಿಗೆ ಹಿಡಿದುಕೊಂಡು ಬಂದು ಮಣ್ಣುಮುಕ್ಕಿಸಿದರು.

ಆಗ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಲೇತಿನಿಂದ ಇಳಿದ ಭಾಗಗಳನ್ನು ಅಳೆದು ಪಾಸು-ಫೇಲು ಹೇಳುವ ಕೆಲಸದಲ್ಲಿದ್ದೆ. ಕೆಂಪಮ್ಮನವರ ಮನೆಯ ಪಕ್ಕ, ಅವರೇ ಬಾಡಿಗೆಗೆ ಕೊಟ್ಟಿದ್ದ ಒಂಟಿ ರೂಮಿನಲ್ಲಿ ನನ್ನ ವಾಸ. ಬೆಳಗಿನ ಆರರ ಶಿಫ್ಟಿಗೆ ಐದೂ ಮುಕ್ಕಾಲಿಗೆ ಸೈಕಲ್ ಹತ್ತಿದರೆ ಸಾಕಿತ್ತು. ಈ ಸುಖ ಬೆಂಗಳೂರಿನಲ್ಲಿ ಎಷ್ಟು ಜನಕ್ಕಿದೆ? ಜೊತೆಗೆ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದೆ. ಅದರಲ್ಲಿ ತರ್ಕದ ಒಂದು ಭಾಗ. ನಾಲ್ಕು ಸಾಲಿನ ಪುಟ್ಟ ವಾದ ಕೊಟ್ಟು, ಒಂದು ವಾಕ್ಯಕ್ಕೆ ಅಡಿಗೆರೆ ಎಳೆದು, ಈ ವಾಕ್ಯದ ಪಾತ್ರವೇನು ಎಂದು ಕೇಳುತ್ತಾರೆ: ತೀರ್ಮಾನವೋ, ಕಾರಣವೋ, ಆಕ್ಷೇಪವೋ, ಬರೀ ಹಿನ್ನೆಲೆಯೋ? ಮಾತು ನಿಜವೋ ಸುಳ್ಳೋ ಎಂದು ಕೇಳುವುದೇ ಇಲ್ಲ. ನನಗೆ ತಡೆಯಲಾಗುತ್ತಿರಲಿಲ್ಲ. ಉತ್ತರಕ್ಕೆ ಗುರುತು ಹಾಕುವ ಬದಲು ಪುಸ್ತಕದ ಅಂಚಿನಲ್ಲಿ ಆ ವಾದವನ್ನೇ ಖಂಡಿಸಿ ಬರೆದು, ಗೆದ್ದೆನೆಂದು ಮಲಗುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಕೆಂಪಮ್ಮ ಬಾಗಿಲ ಹತ್ತಿರ ಬಂದು ನಿಂತರು. "ನಮ್ಮಕ್ಕನ ಮಗ್ಳು ಸರೋಜ ಬಿ.ಎ. ಮುಗಿಸವ್ಳೆ ಕಣಪ್ಪಾ. ಟೈಪಿಂಗ್ ಕಲಿಯಾಕೆ ಇಲ್ಲಿಗೇ ಬತ್ತಾಳಂತೆ," ಎಂದರು. ಮಜ್ಜಿಗೆ ಕೊಟ್ಟು ಹೊರಟುಹೋದರು. ಹಿನ್ನೆಲೆ, ಎಂದುಕೊಂಡೆ. ಮರುದಿನ ರೂಮಿನ ಗೋಡೆಗಳನ್ನು ಕಣ್ಣಲ್ಲೇ ಅಳೆದು, "ಇಬ್ರಿಗೆ ಇಕ್ಕಟ್ಟಾಯ್ತದೇನೋ," ಎಂದರು. ಆಗ ಸ್ವಲ್ಪ ಅನುಮಾನ ಬಂತು. ಕಾರ್ಖಾನೆಯಲ್ಲಿ ಪಕ್ಕದ ಲೇತಿನ ಬಸವರಾಜುವಿಗೆ ಹೇಳಿದೆ. ಎರಡು ಮನೆ ಖಾಲಿ ಮಾಡಿದ ಅನುಭವಸ್ಥ ಅವನು.

"ಗುರು, ಮುಗೀತು ನಿನ್ ಕಥೆ. ಖಾಲಿ ಮಾಡಿಸ್ತಾವ್ರೆ. ನಮ್ ಓನರ್ರೂ ಹಿಂಗೇ, ಸುಣ್ಣ ಹೊಡಿಸ್ಬೇಕು ಅಂತ ಶುರು ಮಾಡಿದ್ರು."

"ಬಾಯಿಬಿಟ್ಟು ಖಾಲಿ ಮಾಡು ಅಂತ ಅವರು ಹೇಳಿಲ್ವಲ್ಲೋ?"

"ಊರ ಗೌಡ್ರ ಮನೆಯೋರು ಕಣೋ. ಕಾರಣ ಅಷ್ಟೇ ಹೇಳ್ತಾರೆ. ಕೊನೇ ಮಾತು ನಮ್ ಬಾಯಿಂದಾನೇ ಬರಬೇಕು."

ಸಿಕ್ಕಿತಲ್ಲ! ಕೆಂಪಮ್ಮ ಹೇಳಿದ್ದೆಲ್ಲ ಕಾರಣಗಳು. ಹೇಳದೆ ಉಳಿಸಿದ ತೀರ್ಮಾನ: ರೂಮು ಖಾಲಿ ಮಾಡು. ಕಾರಣಗಳನ್ನು ಒಂದೊಂದಾಗಿ ಮುರಿದರೆ ತೀರ್ಮಾನ ತಾನಾಗಿ ಬೀಳುತ್ತದೆ. ಬುಧವಾರ ಅವರು ಮಜ್ಜಿಗೆ ತಂದಾಗ ನಾನು ಎದ್ದು ನಿಂತೇ ಸಿದ್ಧನಾಗಿದ್ದೆ.

"ಅಮ್ಮಾ, ರೂಮು ಇಕ್ಕಟ್ಟು ಅಂದ್ರಲ್ಲ, ಟ್ರಂಕು ಮಂಚದ ಕೆಳಗೆ ತಳ್ಳಿದ್ರೆ ಇಬ್ಬರು ಆರಾಮಾಗಿ ಇರಬಹುದು. ಗೋಡೆ ಗೀಡೆ ಒಡೆಯೋ ಅಗತ್ಯವೇ ಇಲ್ಲ."

"ಅಂಗಂತೀಯಾ?" ಕೆಂಪಮ್ಮ ಹೊಸ್ತಿಲ ಮೇಲೆ ಕೂತೇಬಿಟ್ಟರು. "ಆದ್ರೂ ಒಂಟಿ ಹುಡುಗ್ರುನ್ನ ಮಡಿಕಬ್ಯಾಡಿ ಅಂತಾರಪ್ಪ ಊರೋರು."

"ಒಂಟಿಯಾಗಿರೋದು ನನ್ನ ತಪ್ಪಾ? ಜೀವನಪೂರ್ತಿ ಹಿಂಗೇ ಇರ್ತೀನಿ ಅಂತ ನಾನೇನು ಬರ್ಕೊಟ್ಟಿದೀನಾ?"

"ಬೀಡಿ, ಬ್ರಾಂದಿ?"

"ಎರಡು ವರ್ಷದಲ್ಲಿ ಒಂದು ದಿನ ವಾಸನೆ ಬಂದಿದ್ರೆ ತೋರಿಸಿ!"

"ಬ್ಯಾಂಕಾಗ್ಬುಟ್ರೆ ಊರ್ ಬಿಟ್ಟು ಓಯ್ತೀಯಲ್ಲ."

"ಎಲ್ಲಿಗೆ ಹಾಕಿದ್ರೂ ಬೆಂಗಳೂರಿಗೇ ವಾಪಸ್ ಬರ್ತೀನಿ. ನಿಮ್ಮನ್ನೆಲ್ಲ ಬಿಟ್ಟು ಹೋಗೋ ಪ್ರಶ್ನೆಯೇ ಇಲ್ಲ!"

ಕೆಂಪಮ್ಮನವರ ಮುಖ ಅರಳಿತು. ಸೋತವರ ಮುಖ ಹೀಗೆ ಅರಳುವುದನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿರಲಿಲ್ಲ. ಅವರು ದೊಡ್ಡ ಮನಸ್ಸಿನ ಎದುರಾಳಿ ಎಂದು ತಿಳಿದು, ಆ ದಿನದ ಮಜ್ಜಿಗೆಯನ್ನು ವಿಜಯಿಯ ಗತ್ತಿನಲ್ಲಿ ಕುಡಿದೆ.

ಮುಂದಿನ ಭಾನುವಾರ ಅವರ ಮನೆಯಿಂದ ಕರೆ ಬಂತು. ಒಳಗೆ ಹೋದರೆ ಜಮಖಾನದ ಮೇಲೆ ಕೆಂಪಮ್ಮನವರ ಯಜಮಾನರು, ಅಕ್ಕ-ಭಾವ, ಮತ್ತು ತುಮಕೂರು ಕಡೆಯ ನಮ್ಮ ಹಳ್ಳಿಯಲ್ಲಿ ಇರಬೇಕಾಗಿದ್ದ ನನ್ನ ಅಪ್ಪ! ಕೆಂಪಮ್ಮ ಸಭೆಗೆ ವರದಿ ಒಪ್ಪಿಸುತ್ತಿದ್ದರು. "ನಾನೇನೂ ಕೇಳ್ನಿಲ್ಲ. ಹುಡುಗನೇ ಎಲ್ಲಾ ಹೇಳ್ದ. ಇಬ್ರು ಆರಾಮಾಗಿರ್ಬೌದು ಅಂದ. ಒಂಟಿಯಾಗಿರಾಕೆ ಇಷ್ಟ ಇಲ್ಲ ಅಂದ. ಬೀಡಿ ಇಲ್ಲ, ಬ್ರಾಂದಿ ಇಲ್ಲ. ನಿಮ್ಮುನ್ನೆಲ್ಲ ಬಿಟ್ಟೋಗಾಕಿಲ್ಲ ಅಂದ." ಅಪ್ಪ ನನ್ನ ಕಡೆ ತಿರುಗಿ, "ಇಂಗೆಲ್ಲ ಅಂದ್ಯೇನೋ?" ಎಂದರು. ಅಂದಿದ್ದೆ. ಹೆಚ್ಚುಕಮ್ಮಿ ಒಂದೊಂದು ಅಕ್ಷರವೂ ನನ್ನದೇ. ನಾನು ಆಕ್ಷೇಪವೆಂದು ಎಸೆದದ್ದನ್ನೆಲ್ಲ ಆ ಹೆಂಗಸು ತನ್ನ ವಾದಕ್ಕೆ ಕಾರಣವೆಂದು ಹೆಕ್ಕಿಕೊಂಡಿದ್ದರು. ಯಾವ ಊರು, ಯಾರ ಪೈಕಿ ಎಂದು ರೂಮು ಕೊಡುವಾಗಲೇ ವಿಚಾರಿಸಿದ್ದರು; ಅಪ್ಪನಿಗೆ ಹೇಳಿಕಳಿಸಲು ಅಷ್ಟು ಸಾಕಾಗಿತ್ತು. ಇಂಥ ಪ್ರಶ್ನೆ ಕೇಳುವುದು ತಪ್ಪೆಂದು ವೇದಿಕೆಯ ಮೇಲೆ ಗುಡುಗುತ್ತಿದ್ದ ನಾನು ರೂಮಿನ ಆಸೆಗೆ ತಲೆಬಗ್ಗಿಸಿ ಉತ್ತರ ಹೇಳಿದ್ದೆ.

ಕೊನೆಯ ಪ್ರಯತ್ನವೆಂದು, ಕಾಫಿ ತಂದ ಸರೋಜಳಿಗೇ ಮೆಲ್ಲಗೆ ಹೇಳಿದೆ: "ನೋಡಿ, ನಾನು ಹೇಳಿದ್ದಕ್ಕೂ ಚಿಕ್ಕಮ್ಮ ತಂದ ತೀರ್ಮಾನಕ್ಕೂ ಸಂಬಂಧವೇ ಇಲ್ಲ."

"ತೀರ್ಮಾನ ಹೋದ ತಿಂಗಳೇ ಆಗಿತ್ತು ಕಣ್ರೀ," ಎಂದಳು ಅವಳು. "ಕಾರಣ ಒಂದು ಬೇಕಿತ್ತು. ನೀವು ನಾಲ್ಕು ಕೊಟ್ರಿ. ನಿಮಗೆ ಇಷ್ಟ ಇಲ್ಲದಿದ್ರೆ ಈಗ್ಲೇ ಹೇಳ್ಬಿಡಿ, ನಾನೇ ಒಳಗೆ ಹೋಗಿ ಹೇಳ್ತೀನಿ. ಸುತ್ತಿಬಳಸಿ ಮಾತ್ರ ಬೇಡ."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಎದುರಿನವರು ಹೇಳಿದ್ದು ಸರಿ ಎಂದು ಅನ್ನಿಸಿದ ಮೇಲೂ ನನಗೆ ಬೇಜಾರಾಗಲಿಲ್ಲ. ಇಷ್ಟ ಇದೆ ಎಂದೆ. ಎರಡೇ ಪದ, ಅದಕ್ಕೆ ಕಾರಣ ಕೇಳಿದ್ದರೆ ತೊದಲುತ್ತಿದ್ದೆ.

ಎಲೆ ಅಡಿಕೆ ಹಂಚಿದ ಮೇಲೆ ಕೆಂಪಮ್ಮ ನನ್ನ ಪಕ್ಕಕ್ಕೆ ಬಂದು, ಅಂದು ಮೊದಲ ಬಾರಿಗೆ, ಏನೂ ಉಳಿಸದೆ ಮಾತಾಡಿದರು. "ಮದ್ವೆಗೆ ಮುಂಚೆ ಗಂಡು ಹೆಣ್ಣಿನ ಕಡೆಯೋರ ಮನ್ಯಾಗೆ ಇದ್ರೆ ಊರೋರು ಆಡ್ಕತಾರೆ. ಸರೋಜನೂ ಬಂದಿರ್ತಾಳೆ. ನಾಳೇನೇ ರೂಮು ಖಾಲಿ ಮಾಡ್ಬುಡಪ್ಪ."

ಮರುದಿನ ಸಂಜೆ ಸೈಕಲ್ ಕ್ಯಾರಿಯರಿಗೆ ಟ್ರಂಕು ಬಿಗಿದುಕೊಂಡು ಬಸವರಾಜುವಿನ ಬಾಗಿಲು ತಟ್ಟಿದೆ.

"ಏನಾಯ್ತು ಮಗಾ, ಸೋತ್ಯಾ?"

"ಗೆದ್ದೆ ಕಣೋ."

"ಮತ್ತೆ ಟ್ರಂಕು?"

"ಗೆದ್ದಿದ್ದಕ್ಕೇ," ಎಂದು ಹಗ್ಗ ಬಿಚ್ಚತೊಡಗಿದೆ.