ಮುಂದಿನ ಚಕ್ರಗಳ ಲಾಕರ್ ಮತ್ತು ಭಾನುವಾರದ ಊಟ

ಮೊನ್ನೆ ಶನಿವಾರವೂ ನನ್ನ ಬೆಳಗು ಎಂದಿನಂತೆಯೇ ಆರಂಭವಾಯಿತು. ಹಾಲಿನ ಪ್ಯಾಕೆಟ್ ಒಳಗಿಟ್ಟು, ಬಾಗಿಲಿಗೆ ನೀರು ಹಾಕಿ, ಜೀಪು ಬಿಟ್ಟುಕೊಟ್ಟಷ್ಟು ಜಾಗದಲ್ಲಿ ರಂಗೋಲಿ ಬಿಟ್ಟೆ. ಈ ಜೀಪು ಬರುವ ಮೊದಲು ನಾನು ಹದಿನೈದು ಚುಕ್ಕಿಯ ರಂಗೋಲಿ ಹಾಕುತ್ತಿದ್ದವಳು. ಈಗ ಐದು ಚುಕ್ಕಿಗೆ ಇಳಿದಿದ್ದೇನೆ. ಆ ಐದರ ಮೇಲೂ ಜೀಪಿನ ಹೊಟ್ಟೆಯಿಂದ ಒಣಗಿದ ಕೆಸರಿನ ಹೆಂಟೆ ಉದುರುತ್ತದೆ. ವಿದ್ಯಾರಣ್ಯಪುರದ ಈ ಬೀದಿಯಲ್ಲಿ ಉಳಿದವರ ಮನೆಯ ಗಾಡಿಗಳು ಧೂಳು ಕಂಡರೆ ಮುಖ ಸಿಂಡರಿಸುವಂಥವು, ನಮ್ಮದೊಂದೇ ಹೊರಳಾಡಿ ಬಂದ ಎಮ್ಮೆಯ ಹಾಗೆ ನೆಮ್ಮದಿಯಾಗಿ ನಿಂತಿರುತ್ತದೆ.

ನಮ್ಮ ಯಜಮಾನರು ವಿಮೆ ಕಚೇರಿಯಲ್ಲಿದ್ದಾರೆ. ವಾರಕ್ಕೆ ಐದು ದಿನ ಬೇರೆಯವರ ಗಾಡಿಗಳು ಎಲ್ಲೆಲ್ಲಿ ಉರುಳಿಬಿದ್ದವು ಎಂದು ಓದಿ ಲೊಚಗುಟ್ಟುವ ಮನುಷ್ಯ, ಭಾನುವಾರ ಬಂತೆಂದರೆ ತಾವೇ ಗೆಳೆಯರ ಜೊತೆ ಜೀಪು ಹತ್ತಿ ಬಂಡೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಅವರ ಮೆಚ್ಚಿನ ಗುಡ್ಡವೊಂದಿದೆ. ಅದರ ಎರಡನೆಯ ತಿರುವಿನಲ್ಲಿ ದೊಡ್ಡದೊಂದು ಬಂಡೆ. ಅಲ್ಲಿಗೆ ಹೋದಾಗಲೆಲ್ಲ ಜೀಪಿನ ಮುಂದಿನ ಒಂದು ಚಕ್ರ ಗಾಳಿಯಲ್ಲಿ ಏಳುತ್ತದೆ. ಎದ್ದ ಚಕ್ರ ಮುಂಭಾಗಕ್ಕೆ ಬರುವ ಶಕ್ತಿಯನ್ನೆಲ್ಲ ತಾನೇ ತಿಂದು ಗಿರಗಿರ ತಿರುಗುತ್ತದೆ, ನೆಲ ಹಿಡಿದ ಅದರ ಜೋಡಿ ಚಕ್ರ ಸುಮ್ಮನೆ ನಿಂತು ನೋಡುತ್ತದೆ. ಹತ್ತು ಸಲ ಹೆಣಗಾಡಿ, ಗೆಳೆಯರಿಂದ ಲೇವಡಿ ಮಾಡಿಸಿಕೊಂಡು, ಇವರು ಜೀಪು ತಿರುಗಿಸುತ್ತಾರೆ. ಒಂದು ಗಂಟೆಗೆ ಸರಿಯಾಗಿ ನಮ್ಮ ಗೇಟಿನ ಸದ್ದು.

ಆ ಬಂಡೆಯನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಮನಸ್ಸಿನಲ್ಲೇ ಅದಕ್ಕೆ ಎಷ್ಟೋ ಸಲ ಅರಿಶಿನ ಕುಂಕುಮ ಇಟ್ಟಿದ್ದೇನೆ. ಇವರು ವಾರವೆಲ್ಲ ಡಬ್ಬಿ ಊಟದವರು. ರಾತ್ರಿ ತಟ್ಟೆಯ ಪಕ್ಕ ಮೊಬೈಲು. ಭಾನುವಾರ ಮಧ್ಯಾಹ್ನ ಮಾತ್ರ ನಾವಿಬ್ಬರೂ ಎದುರುಬದುರು ಕೂತು ಉಣ್ಣುತ್ತೇವೆ. ಸೋತು ಬಂದ ಗಂಡಸಿಗೆ ಹಸಿವೂ ಜಾಸ್ತಿ, ಮಾತೂ ಜಾಸ್ತಿ. ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಾ, ಚಕ್ರ ಹೇಗೆ ಜಾರಿತು ಎಂದು ಹಪ್ಪಳವನ್ನು ಲೋಟಕ್ಕೆ ಒರಗಿಸಿ ತೋರಿಸುತ್ತಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ ಇಂಥದ್ದೊಂದು ಗಂಟೆ ಸಿಕ್ಕರೆ ಯಾರು ಬಿಟ್ಟುಕೊಡುತ್ತಾರೆ ಹೇಳಿ.

ಈಗ ಅದಕ್ಕೇ ಸಂಚಕಾರ ಬಂದಿತ್ತು. ಲಾಕರ್ ಎನ್ನುವ ಒಂದು ಸಾಧನವಿದೆಯಂತೆ. ಅದನ್ನು ಹಾಕಿಸಿ ಸ್ವಿಚ್ ಒತ್ತಿದರೆ, ಒಂದು ಚಕ್ರ ಗಾಳಿಯಲ್ಲಿದ್ದರೂ ಜೋಡಿಯ ಎರಡೂ ಚಕ್ರಗಳು ಒಂದೇ ಸಮನೆ ತಿರುಗುತ್ತವಂತೆ. ಹಿಂದಿನ ಚಕ್ರಗಳಿಗೆ ಇವರು ಹೋದ ವರ್ಷವೇ, ನನಗೆ ಹೇಳದೆ, ಹಾಕಿಸಿಬಿಟ್ಟಿದ್ದರು. ನಾನು ಎರಡು ದಿನ ಮಾತು ಬಿಟ್ಟಿದ್ದೆ. ಮುಂದಿನ ಚಕ್ರಗಳ ತೀರ್ಮಾನ ನನ್ನದೇ ಎಂದು ಆಗ ಒಪ್ಪಂದವಾಗಿತ್ತು. ಮುಂದಕ್ಕೂ ಹಾಕಿಸಿಬಿಟ್ಟರೆ ಜೀಪು ಆ ಬಂಡೆಯನ್ನು ದಾಟುತ್ತದೆ. ದಾಟಿದ ಮೇಲೆ ಗುಡ್ಡ ಇನ್ನೂ ಇದೆ, ಅದರಾಚೆ ಇನ್ನೊಂದಿದೆ. ಬೇಡ ಎಂದು ನಾನು ಆರು ತಿಂಗಳಿನಿಂದ ಹೇಳುತ್ತಲೇ ಬಂದಿದ್ದೆ.

ಶನಿವಾರ ಉಪ್ಪಿಟ್ಟು ತಿನ್ನುತ್ತಾ ಇವರು ಬಹಳ ಮೃದುವಾಗಿ, "ಒಂದ್ಸಲ ಗ್ಯಾರೇಜಿಗೆ ಬಂದು ನೋಡು. ಆಮೇಲೂ ಬೇಡ ಅನ್ಸಿದ್ರೆ ಬೇಡ. ಮತ್ತೆ ಸುದ್ದಿ ಎತ್ತಲ್ಲ" ಎಂದರು.

ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಸೀರೆ ಅಂಗಡಿಯಲ್ಲಿ ನಾನು ಹೇಗೆ ಎಂಬುದು ಇವರಿಗೆ ಚೆನ್ನಾಗಿ ಗೊತ್ತು. ಬಿಚ್ಚಿ ತೋರಿಸಿದ್ದನ್ನು ಮಡಚಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್, ಯಾರಾದರೂ ನಮಗಾಗಿ ಕಷ್ಟಪಟ್ಟರೆ ಬರಿಗೈಯಲ್ಲಿ ಕಳಿಸಬಾರದು ಎಂದು ಕಲಿಸಿದ್ದು ಹಾಗೇ ಉಳಿದುಬಿಟ್ಟಿದೆ. ನಾಲ್ಕು ಸೀರೆ ಬಿಚ್ಚಿದ ಅಂಗಡಿಯಿಂದ ನಾನು ಖಾಲಿ ಕೈಯಲ್ಲಿ ಇಳಿದದ್ದೇ ಇಲ್ಲ. ಬೀರುವಿನಲ್ಲಿ ನನಗೆ ಒಪ್ಪದ ಬಣ್ಣದ ಸೀರೆಗಳೇ ಒಂದು ಸಾಲು ಇವೆ. ಆದರೆ ಗ್ಯಾರೇಜಿನಲ್ಲಿ ಬಿಚ್ಚಿ ತೋರಿಸುವಂಥದ್ದು ಏನಿರುತ್ತದೆ ಎಂದುಕೊಂಡು ಹೊರಟೆ.

ಯಶವಂತಪುರದ ಆ ಗ್ಯಾರೇಜಿನ ನಂಜುಂಡಣ್ಣ ನನಗಾಗಿ ಸ್ಟೂಲು ಒರೆಸಿ, ಅದರ ಮೇಲೊಂದು ಪೇಪರ್ ಹಾಸಿದರು. ನಮ್ಮ ಜೀಪಿನ ಮುಂಭಾಗವನ್ನು ಜಾಕ್ ಕೊಟ್ಟು ಎತ್ತಿ, ಗೇರಿಗೆ ಹಾಕಿ, "ಈ ಚಕ್ರ ಮುಂದಕ್ಕೆ ತಿರುಗ್ಸಿ ಮೇಡಂ" ಎಂದರು. ಸೆರಗು ಸಿಕ್ಕಿಸಿಕೊಂಡು ತಿರುಗಿಸಿದೆ. "ಈಗ ಆ ಕಡೆ ನೋಡಿ." ಬಗ್ಗಿ ನೋಡಿದೆ. ಆಚೆ ಬದಿಯ ಚಕ್ರ, ಯಾರೂ ಮುಟ್ಟದೆ, ತನ್ನಷ್ಟಕ್ಕೆ ಹಿಂದಕ್ಕೆ ತಿರುಗುತ್ತಿತ್ತು. ನಾನು ನಿಲ್ಲಿಸಿದೆ, ಅದೂ ನಿಂತಿತು. ಹಿಂದಕ್ಕೆ ತಿರುಗಿಸಿದೆ, ಅದು ಮುಂದಕ್ಕೆ ಬಂತು. ಎಷ್ಟು ಹೊತ್ತು ಹಾಗೆ ಆಡಿದೆನೋ, ಇವರು ಕೆಮ್ಮಿದಾಗ ಎಚ್ಚರವಾಯಿತು.

ನಂಜುಂಡಣ್ಣ ಒಳಗಿನಿಂದ ಇನ್ನಾವುದೋ ಗಾಡಿಯ, ಎರಡು ಚಕ್ರಗಳ ನಡುವೆ ಕೂರುವ ಡಿಫರೆನ್ಷಿಯಲ್ ಎನ್ನುವ ಭಾಗವನ್ನು ತಂದು, ನನ್ನ ಮುಂದೆ ಒಂದೊಂದೇ ಬೋಲ್ಟು ಬಿಚ್ಚತೊಡಗಿದರು. ನನ್ನ ಎದೆ ಧಸಕ್ಕೆಂದದ್ದು ಆಗ. ಬಿಚ್ಚುತ್ತಿದ್ದಾರೆ! ಆದರೆ ಒಳಗೆ ಕಂಡದ್ದರ ಮುಂದೆ ಆ ಭಯವೂ ನಿಲ್ಲಲಿಲ್ಲ. ಬೆಲ್ಲದ ಪಾಕದಂಥ ಎಣ್ಣೆಯಲ್ಲಿ ನಾಲ್ಕು ಪುಟ್ಟ ಹಲ್ಲುಚಕ್ರಗಳು, ಒಂದರ ಹಲ್ಲು ಇನ್ನೊಂದರ ಸಂದಿಗೆ ಎಷ್ಟು ಒಪ್ಪವಾಗಿ ಕೂತಿದ್ದವೆಂದರೆ ಕೂದಲು ತೂರಿಸಲೂ ಎಡೆಯಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸವನ್ನು ಸರಿದೂಗಿಸುವುದೇ ಇವುಗಳ ಕೆಲಸ ಎಂದು ವಿವರಿಸಿದರು. ಹೆಬ್ಬಾಳದ ಫ್ಲೈಓವರ್ ಇಳಿದು ತಿರುಗುವಾಗಲೆಲ್ಲ ನಾನು ಸೊಪ್ಪಿನ ಬೆಲೆಯನ್ನೋ ನಾದಿನಿಯನ್ನೋ ಬೈದುಕೊಂಡು ಕೂತಿದ್ದಾಗ, ನನ್ನ ಕಾಲ ಕೆಳಗೆ ಕತ್ತಲಲ್ಲಿ ಇವು ಸದ್ದಿಲ್ಲದೆ ಈ ಲೆಕ್ಕ ಮಾಡುತ್ತಿದ್ದವು! ಸೈನ್ಸ್ ಲ್ಯಾಬಿನಲ್ಲಿ ಮೊದಲ ಸಲ ಈರುಳ್ಳಿ ಸಿಪ್ಪೆಯನ್ನು ಮೈಕ್ರೋಸ್ಕೋಪಿನಲ್ಲಿ ಕಂಡ ದಿನ ಹೀಗೇ ಉಸಿರು ಬಿಗಿಹಿಡಿದಿದ್ದೆ.

ಪಕ್ಕದಲ್ಲೇ ಲಾಕರ್ ಹಾಕಿದ್ದ ಇನ್ನೊಂದು ಜೀಪಿತ್ತು. ಅದನ್ನೂ ಎತ್ತಿ ಗೇರಿಗೆ ಹಾಕಿ ನಿಲ್ಲಿಸಿದ್ದರು. ಸ್ವಿಚ್ ಒತ್ತಿದರು. ಟಕ್ ಎಂಬ ಸಣ್ಣ ಸದ್ದು. ತಿರುಗಿಸಿ ಎಂದರು. ನಾನು ಎರಡೂ ಕೈ ಹಾಕಿ, ಕಾಲು ಊರಿ ಜಗ್ಗಿದೆ, ಆಚೆಯದರ ಜೊತೆ ಬೆಸೆದುಹೋದ ಚಕ್ರ ಅಲುಗಲಿಲ್ಲ. ಅಷ್ಟು ಸಣ್ಣ ಸದ್ದಿನ ಹಿಂದೆ ಅಷ್ಟು ದೊಡ್ಡ ಹಟ.

ನಂಜುಂಡಣ್ಣ ಪ್ರಾಮಾಣಿಕ ಮನುಷ್ಯ. ಕೈ ಒರೆಸಿಕೊಳ್ಳುತ್ತಾ, "ಮುಂದಿಂದು ಇರ್ಲೇಬೇಕು ಅಂತಿಲ್ಲ ಮೇಡಂ. ಒತ್ತಿದಾಗ ಸ್ಟೇರಿಂಗ್ ಕಲ್ಲಾಗ್ಬಿಡುತ್ತೆ. ಜಾಸ್ತಿ ಎಳ್ದಾಡಿದ್ರೆ ಆಕ್ಸಲ್ ಹೋಗುತ್ತೆ. ನೀವು ಬೇಡ ಅಂದ್ರೂ ನಡಿಯುತ್ತೆ" ಎಂದರು.

ನನಗೆ ಬೇಕಾಗಿದ್ದ ಮಾತನ್ನು ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು. ಇವರು ಚಾವಣಿ ನೋಡುತ್ತಾ ನಿಂತಿದ್ದರು. ಕಿವಿ ಮಾತ್ರ ಕೆಂಪಾಗಿತ್ತು. ನನ್ನ ಮುಂದೆ ಬಿಚ್ಚಿಟ್ಟಿದ್ದ ಹಲ್ಲುಚಕ್ರಗಳನ್ನು ನಾನು ನೋಡಿದೆ. ನಂಜುಂಡಣ್ಣನ ಎಣ್ಣೆ ಮೆತ್ತಿದ ಬೆರಳುಗಳನ್ನು ನೋಡಿದೆ.

"ಹಾಕಿ" ಎಂದೆ.

ಜೀಪನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಇವರು ನನ್ನ ಚೀಲವನ್ನು ತಾವೇ ಹಿಡಿದುಕೊಂಡಿದ್ದರು.

ಸಂಜೆ ಖಾಲಿಯಾದ ಜಾಗದಲ್ಲಿ ನೀರು ಚಿಮುಕಿಸುತ್ತಿದ್ದಾಗ ಎದುರುಮನೆಯ ರತ್ನಮ್ಮ ಹೂ ಕಟ್ಟುತ್ತಾ ಕಾಂಪೌಂಡಿನ ಹತ್ತಿರ ಬಂದರು. ನಮ್ಮ ಬೀದಿಯಿರುವ ಜಾಗ ಒಂದು ಕಾಲಕ್ಕೆ ಅವರ ಮಾವನವರ ಹೊಲ. ಈಗ ಅವರಿಗೆ ಮೂರು ಮನೆಗಳ ಬಾಡಿಗೆ ಬರುತ್ತದೆ. ಜೀಪೆಲ್ಲಿ ಎಂದು ಕೇಳಿದರು. ಸಿಕ್ಕಿದ್ದೇ ಅವಕಾಶವೆಂದು ನಾನು ಬಕೆಟ್ ಕೆಳಗಿಟ್ಟು, ಎರಡು ಕೈಗಳನ್ನು ಎರಡು ಚಕ್ರ ಮಾಡಿಕೊಂಡು, ಬೆಳಗ್ಗೆ ಕಂಡ ಅದ್ಭುತವನ್ನೆಲ್ಲ, ಲಾಕರಿನ ಟಕ್ ಸದ್ದಿನವರೆಗೆ, ವರ್ಣಿಸಿದೆ.

ರತ್ನಮ್ಮ ದಾರವನ್ನು ಹಲ್ಲಿನಲ್ಲಿ ಕಡಿದರು. "ಓ, ಅದಾ? ನಮ್ ಟ್ರಾಕ್ಟರ್‌ನಾಗೂ ಇತ್ತಲ್ಲಕ್ಕ, ಇಂದ್‌ಗಡೆ ಗಾಲಿಗೆ. ಕಾಲಲ್ಲಿ ಒತ್ತದು. ಅದು ಕೆಟ್ಟೋಗಿದ್ದಷ್ಟು ದಿನ ನಮ್ಮೋರು ಕೆಸ್ರಲ್ಲಿ ಸಿಕ್ಕಾಕ್ಕಂಡ್ರೆ ಟ್ರಾಕ್ಟ್ರು ಅಲ್ಲೇ ಬುಟ್ಟು ಮದ್ಯಾನ್ನದ ಊಟಕ್ಕೆ ಮನೆಗೆ ಬರೋರು. ರಿಪೇರಿ ಆದ್‌ಮ್ಯಾಕೆ ಮನೆ ಕಡೆ ಬತ್ತಿದ್ದಿದ್ದೇ ದೀಪ ಅಚ್ಚಿದ್‌ಮ್ಯಾಕೆ. ಮಾಡ್ಸು ಮಾಡ್ಸು ಅಂತ ಪ್ರಾಣ ತಿಂದೋಳು ನಾನೇ ಕಣಕ್ಕ."